ಎಂಟನೇ ಇಲಿ

ಬಸ್ಸು ಎರಡು ನಿಲ್ದಾಣ ದಾಟಿದ ಮೇಲೆ ಅವಳ ಕಣ್ಣು ತನ್ನ ಕಾಲಿನ ಮೇಲೆ ಬಿತ್ತು. ಹಾಕಿಕೊಂಡು ಬಂದದ್ದು ಬೇರೆ ಬೇರೆ ಜೋಡಿಯ ಚಪ್ಪಲಿ. ಎರಡೂ ಕಪ್ಪು, ಎರಡೂ ಒಂದೇ ಎತ್ತರ, ಆದರೆ ಬಲಗಾಲಿನದಕ್ಕೆ ಬಕಲ್ ಇತ್ತು, ಎಡಗಾಲಿನದಕ್ಕೆ ಇರಲಿಲ್ಲ. ಹೊರಡುವಾಗ ಗಂಡ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಸುಮ್ಮನಾಗಿದ್ದ. ಒಂದು ತಿಂಗಳಿಂದ ಅವನದು ಹೀಗೇ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ತಪ್ಪು ಕಂಡರೆ ಕೆಂಪು ಗೀಟು ಎಳೆಯದೆ ಬಿಡುವವನಲ್ಲ; ಈಗ ಮಾತ್ರ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ಪಿಟ್ಟೆನ್ನದೆ ತಿಂದು ನೀರು ಕುಡಿಯುತ್ತಾನೆ. ವಾಪಸ್ ಹೋಗಿ ಚಪ್ಪಲಿ ಬದಲಿಸಿ ಬರೋಣವೆಂದು ಒಮ್ಮೆ ಅನ್ನಿಸಿತು. ಹೋದರೆ ಇವತ್ತು ಮತ್ತೆ ಹೊರಡುವುದಿಲ್ಲ ಎಂಬುದು ತನಗೇ ಗೊತ್ತಿದ್ದರಿಂದ ಕಿಟಕಿಯ ಕಂಬಿ ಹಿಡಿದುಕೊಂಡು ಕೂತಳು. ಇನ್ನೊಂದು ಕೈ ತೊಡೆಯ ಮೇಲಿದ್ದ ಬ್ಯಾಗಿನೊಳಗೆ ಹೋಗಿ, ಒಳಜೇಬಿನಲ್ಲಿ ನಾಲ್ಕು ಮಡಿಕೆಯಾಗಿದ್ದ ಹಾಳೆಯನ್ನು ಮುಟ್ಟಿ ಬಂತು. ಪ್ರತಿ ನಿಲ್ದಾಣದಲ್ಲೂ ಅದು ಹೀಗೆ ಹೋಗಿ ಬರುತ್ತಿತ್ತು, ಜೇಬುಗಳ್ಳರಿಗೆ ಹೆದರಿದವರ ಕೈಯ ಹಾಗೆ. ಕದ್ದುಕೊಂಡು ಹೋಗುವವರು ಯಾರಾದರೂ ಸಿಕ್ಕಿದ್ದರೆ ಅವಳೇ ಕೈಗೆತ್ತಿ ಕೊಡುತ್ತಿದ್ದಳು.

ಲ್ಯಾಬಿನ ಮೂರನೇ ಮಹಡಿಯ ಹಳೆಯ ಫ್ರೀಜರು ಕೆಟ್ಟು ಕೂತದ್ದರಿಂದ ಶುರುವಾದದ್ದು ಇದು. ಅವರವರ ಡಬ್ಬಿ ಅವರವರು ತೆಗೆಯಿರಿ, ಬೇಡದ್ದನ್ನು ಎಸೆಯಿರಿ ಎಂದು ನೋಟಿಸು ಹಾಕಿದ್ದರು. ಅವಳ ಕೈಬರಹವಿದ್ದ ಒಂದು ಡಬ್ಬಿಯಲ್ಲಿ ಐದು ವರ್ಷದ ಹಿಂದಿನ ಇಲಿಗಳ ಬಾಲದ ತುದಿಗಳು, ಒಂದೊಂದು ಒಂದೊಂದು ಸಣ್ಣ ಟ್ಯೂಬಿನಲ್ಲಿ. ಎಲ್ಲ ಎಸೆಯುವಂಥವೇ. ಅವಳ ಕೈ ಎಂಟನೆಯದನ್ನು ಮಾತ್ರ ತೆಗೆದಿಟ್ಟುಕೊಂಡಿತು. ಯಾಕೆ ಎಂದು ಆಗ ಯಾರಾದರೂ ಕೇಳಿದ್ದರೆ ಸುಮ್ಮನೆ ಎನ್ನುತ್ತಿದ್ದಳು. ಸುಮ್ಮನೆ ಅಲ್ಲ. ಐದು ವರ್ಷವೂ ಅದು ಅವಳೊಳಗೆ ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗೆ ಇತ್ತು. ನಾಲಗೆ ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಬರುತ್ತಿತ್ತು, ಕೈ ಹಾಕಿ ತೆಗೆದಿರಲಿಲ್ಲ.

ಮಕ್ಕಳ ಮಾಂಸಖಂಡ ಮೆಲ್ಲಗೆ ಸೋಲುತ್ತ ಹೋಗುವ ಒಂದು ಕಾಯಿಲೆ. ಲಕ್ಷಕ್ಕೊಂದು ಮಗುವಿಗೂ ಬರುವುದಿಲ್ಲ, ಹಾಗಾಗಿ ಹೆಸರು ಹೇಳಿದರೆ ಅರ್ಧ ಡಾಕ್ಟರುಗಳೂ ಹುಬ್ಬು ಗಂಟಿಕ್ಕುತ್ತಾರೆ. ಅಪ್ಪನಿಂದೊಂದು ಅಮ್ಮನಿಂದೊಂದು, ಎರಡೂ ಕಡೆಯಿಂದ ಕೆಟ್ಟ ಜೀನೇ ಬಂದರೆ ಮಾತ್ರ ಕಾಯಿಲೆ. ಒಂದು ಕಡೆ ನೆಟ್ಟಗಿದ್ದರೆ ಸಾಕು, ಮನುಷ್ಯನಾಗಲಿ ಇಲಿಯಾಗಲಿ ಓಡಾಡಿಕೊಂಡಿರುತ್ತದೆ. ಕೆಡುಕು ಮಾಡದ ಒಂದು ವೈರಸ್ಸಿನ ಚಿಪ್ಪಿನೊಳಗೆ ಒಳ್ಳೆಯ ಜೀನನ್ನು ತುಂಬಿ ಮೈಗೆ ಬಿಡುವುದು ಅವರ ಲ್ಯಾಬಿನ ಔಷಧ. ಅದಕ್ಕೊಂದು ಷರತ್ತು ಇದೆ. ಒಮ್ಮೆ ಆ ಚಿಪ್ಪನ್ನು ಕಂಡ ಮೈ ಅದರ ಗುರುತು ಮರೆಯುವುದಿಲ್ಲ; ಎರಡನೇ ಸಲ ಕಳಿಸಿದರೆ ಒಳಗೆ ಬಿಟ್ಟುಕೊಳ್ಳದೆ ಅದರ ಮೇಲೆ ಮುಗಿಬೀಳುತ್ತದೆ. ಕೊಡುವುದಿದ್ದರೆ ಒಂದೇ ಸಲ. ಕಡಿಮೆಯಾದರೆ ಮತ್ತೆ ಕೊಡುವ ಹಾಗಿಲ್ಲ, ಹೆಚ್ಚಾದರೆ ವಾಪಸ್ ತೆಗೆಯುವ ಹಾಗಿಲ್ಲ. ಎಷ್ಟು ಕೊಟ್ಟರೆ ಸಾಕು ಎಂದು ಇಲಿಗಳ ಮೇಲೆ ನೋಡಿ ಹೇಳುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಮದುವೆಯಾಗಿ ಹದಿನೆಂಟು ವರ್ಷ. ನಡುವೆ ಯಾವಾಗಲೋ, ಈ ಪ್ರಯೋಗವೊಂದು ಮುಗಿದುಬಿಡಲಿ ಎಂದು ಮುಂದೂಡಿದ್ದು ಮುಂದೂಡಿದ ಹಾಗೇ ಉಳಿದು, ಮನೆಯಲ್ಲಿ ಇಬ್ಬರೇ ಆಗಿದ್ದರು.

ಸಣ್ಣ ಡೋಸಿನ ಗುಂಪಿನಲ್ಲಿ ಎಂಟು ಇಲಿ. ತಿರುಗುವ ಕೋಲಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತವೆ ಎಂದು ಗಡಿಯಾರ ಹಿಡಿದು ನೋಡುವುದು. ಏಳು ಇಲಿಗಳು ಒಂದು ನಿಮಿಷವೂ ತಾಳದೆ ಕೆಳಗಿನ ಸ್ಪಂಜಿನ ಮೇಲೆ ಪೊತ್ತೆಂದು ಬಿದ್ದವು. ಎಂಟನೆಯದು ಐದು ನಿಮಿಷವೂ ಓಡಿ, ಇನ್ನೇನಿದೆ ಎಂಬಂತೆ ಮೀಸೆ ಅಲ್ಲಾಡಿಸಿತು. ಆ ಒಂದರಿಂದ ಸರಾಸರಿ ಮೇಲೆದ್ದಿತು. ‘ಸಣ್ಣ ಡೋಸಿನಿಂದಲೂ ಸ್ವಲ್ಪ ಸುಧಾರಣೆ’ ಎಂದು ವರದಿಯಲ್ಲಿ ಬರೆದಳು. ಪ್ರಯೋಗ ಮುಗಿದ ಮೇಲೆ ಬಾಲದ ತುದಿಯನ್ನು ಇನ್ನೊಮ್ಮೆ ಪರೀಕ್ಷೆ ಮಾಡಿ, ಇದು ಕಾಯಿಲೆಯ ಇಲಿಯೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳುವುದು ಅವರ ಲ್ಯಾಬಿನ ನಿಯಮ. ಆ ನಿಯಮವನ್ನು ಗೋಡೆಗೆ ಅಂಟಿಸಿದವಳೂ ಅವಳೇ. ಶುಕ್ರವಾರ ವರದಿ ಹೋಗಬೇಕಿತ್ತು, ಅವತ್ತು ಬುಧವಾರ. ಆಮೇಲೆ ಮಾಡಿದರಾಯಿತು ಎಂದು ಟ್ಯೂಬುಗಳನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಫ್ರೀಜರಿಗೆ ಹಾಕಿದಳು. ಆ ಆಮೇಲೆ ಬಂದದ್ದು ಐದು ವರ್ಷದ ನಂತರ, ಹೋದ ತಿಂಗಳು; ಫಲಿತಾಂಶ ಈಗ ಬ್ಯಾಗಿನಲ್ಲಿದ್ದ ಆ ಹಾಳೆಯಲ್ಲಿತ್ತು. ಎಂಟನೇ ಇಲಿಗೆ ಕಾಯಿಲೆಯೇ ಇರಲಿಲ್ಲ. ಬೋನು ಬದಲಿಸುವಾಗ ಯಾವಾಗಲೋ ಹೋಲಿಸಿ ನೋಡಲು ಪಕ್ಕದಲ್ಲಿಟ್ಟ ಆರೋಗ್ಯದ ಗುಂಪಿನ ಇಲಿಯೊಂದು ಈ ಕಡೆ ಬಂದಿದೆ, ಈ ಕಡೆಯದು ಆ ಕಡೆ ಹೋಗಿದೆ. ಸಂಖ್ಯೆಯ ಗುರುತಿಗೆಂದು ಚುಚ್ಚಿದ ಕಿವಿಯ ತೂತು ಹರಿದು ಅಂಚಿಗೆ ಸೇರಿದ್ದರಿಂದ ಅವಳು ಅದನ್ನೇ ಎಂಟು ಎಂದು ಓದಿದ್ದಾಳೆ. ಆರೋಗ್ಯದ ಬೋನಿನಲ್ಲಿ ಒಂದು ಇಲಿ ಕಾಲೆಳೆಯುತ್ತ ಸತ್ತದ್ದನ್ನು ಯಾರೂ ವಿಚಾರಿಸಲಿಲ್ಲ. ಒಂದನ್ನು ತೆಗೆದು ಮತ್ತೆ ಲೆಕ್ಕ ಹಾಕಿದರೆ ಸಣ್ಣ ಡೋಸಿನಿಂದ ಆದದ್ದು ಏನೂ ಇಲ್ಲ, ಬರೀ ನೀರು ಕೊಟ್ಟ ಹಾಗೆ. ಹಾಗೆಂದು ಅವತ್ತೇ ಬರೆದಿದ್ದರೆ ಆ ಡೋಸನ್ನು ಯಾವ ಮಗುವಿಗೂ ಕೊಡಲು ಯಾವ ಸಮಿತಿಯೂ ಒಪ್ಪುತ್ತಿರಲಿಲ್ಲ. ಮೂರು ಮಕ್ಕಳಿಗೆ ಕೊಟ್ಟರು. ಮೂರನೆಯವಳು ಇವತ್ತು ಆರು ತಿಂಗಳಿಗೊಮ್ಮೆ ನಡೆಯುವ ತಪಾಸಣೆಗೆ ಬರುತ್ತಾಳೆ, ತಾಯಿಯ ಜೊತೆ, ತಮ್ಮನ ಜೊತೆ.

ಗಂಡನಿಗೆ ಇಲಿಯ ವಿಷಯ ಹೇಳಿರಲಿಲ್ಲ, ಲೆಕ್ಕದ ಹಾಗೆ ಮಾತ್ರ ಕೇಳಿದ್ದಳು: ಎಂಟರಲ್ಲಿ ಒಂದು ಸುಳ್ಳಾಗಿದ್ದರೆ ಸರಾಸರಿಯನ್ನು ಏನನ್ನಬೇಕು? ಅವನು ಉತ್ತರಪತ್ರಿಕೆ ತಿದ್ದುತ್ತಿದ್ದವನು ತಲೆ ಎತ್ತದೆ, “ಸರಾಸರಿ ಅಂದ್ರೇನು, ಎಲ್ಲರ ತಲೆ ಮೇಲೂ ಕೈ ಇಟ್ಟು ಯಾರ ಮುಖಾನೂ ನೋಡದೇ ಇರೋದು” ಅಂದಿದ್ದ. ತಮಾಷೆಗೆ ಅಂದದ್ದು. ಅವಳು ಎದ್ದು ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಸಂಸ್ಥೆಯ ದೊಡ್ಡವರ ಕೋಣೆಯ ಬಾಗಿಲಿಗೂ ಒಮ್ಮೆ ಹೋಗಿ ನಿಂತಿದ್ದಳು, ಹಾಳೆ ಕೈಯಲ್ಲೇ ಇತ್ತು. ಇಡೀ ಸಂಸ್ಥೆ ಅವರ ಹೆಸರಿನಲ್ಲಿ ನಡೆಯುತ್ತದೆ, ಕೆಟ್ಟವರಲ್ಲ, ಯಾರ ಮೇಲೂ ಕೂಗಾಡಿದವರಲ್ಲ. ಫೋನಿನಲ್ಲಿ ಯಾರಿಗೋ, ಆಮೇಲಿನ ಗುಂಪಿನಲ್ಲಿ ದೊಡ್ಡ ಡೋಸು ಪಡೆದ ಮಕ್ಕಳು ನಡೆಯುತ್ತಿರುವ ವಿಷಯ ಹೇಳುತ್ತ ನಗುತ್ತಿದ್ದರು. ರಿಸೀವರಿಗೆ ಕೈ ಅಡ್ಡ ಹಿಡಿದು, ಏನಾದರೂ ಅರ್ಜೆಂಟಾ ಎಂದು ಕೇಳಿದರು. ಇಲ್ಲ ಸರ್ ಎಂದು ಬಂದುಬಿಟ್ಟಳು. ಸುಳ್ಳೂ ಅಲ್ಲ. ಐದು ವರ್ಷ ಕಳೆದ ಮೇಲೆ ಅದರಲ್ಲಿ ಅರ್ಜೆಂಟಾದ್ದು ಏನಿತ್ತು.

ಲ್ಯಾಬಿಗೆ ಬಂದು ಕೋಟು ಹಾಕಿಕೊಂಡು ಕೂತರೆ ಕೈ ಕೆಲಸಕ್ಕೆ ಒಗ್ಗಲಿಲ್ಲ. ಒಂದೇ ಟ್ಯೂಬಿಗೆ ಎರಡು ಸಲ ಹನಿ ಹಾಕಿದೆನೋ, ಹಾಕಲೇ ಇಲ್ಲವೋ ಎಂದು ಗೊತ್ತಾಗದೆ ಇಡೀ ತಟ್ಟೆಯನ್ನೇ ಚೆಲ್ಲಿದಳು. ಗಡಿಯಾರ ನೋಡಿದರೆ ಒಂಬತ್ತೂವರೆ. ತಾಯಿ ಮಕ್ಕಳು ಬರುವುದು ಹನ್ನೊಂದಕ್ಕೆ. ಎದ್ದು ಮೆಟ್ಟಿಲಿಳಿದು ಪ್ರಾಣಿಮನೆಗೆ ಹೋದಳು. ಅಲ್ಲಿ ಮಾವ ಇದ್ದ. ಅವನನ್ನು ಕಸ ಗುಡಿಸುವವರಿಂದ ಹಿಡಿದು ದೊಡ್ಡವರವರೆಗೆ ಎಲ್ಲರೂ ಕರೆಯುವುದು ಹಾಗೆಯೇ. ಮೂವತ್ತು ವರ್ಷದಿಂದ ಇಲಿಗಳ ಬೋನು ಬದಲಿಸುತ್ತ, ಹೊಟ್ಟು ಹಾಸುತ್ತ, ನೀರಿನ ಬಾಟಲಿ ಸಿಕ್ಕಿಸುತ್ತ ಬಂದವನು. ಕಚ್ಚುವ ಇಲಿಯೂ ಅವನ ಬೆರಳು ಕಂಡರೆ ಮೈ ಸಡಿಲ ಬಿಡುತ್ತದೆ. ಅವಳು ಬಂದದ್ದನ್ನು ನೋಡಿ ಸ್ಟೂಲು ಸರಿಸಿಕೊಟ್ಟ. ಅವಳು ಕೂರಲಿಲ್ಲ. ಐದು ವರ್ಷದ ಹಿಂದೆ ಇದೇ ಜಾಗದಲ್ಲಿ, ತಿರುಗುವ ಕೋಲಿನ ಪಕ್ಕದಲ್ಲಿ ನಿಂತು ಅವನು, ಮೇಡಂ ಈ ಇಲಿ ನೋಡಿ, ಇದಕ್ಕೆ ಏನೂ ಆಗೇ ಇಲ್ಲ ಅನ್ಸುತ್ತೆ, ಬಾಲ ಎತ್ಕೊಂಡು ಓಡ್ತಿದೆ, ಕಾಯಿಲೆಯವು ಹುಷಾರಾದ್ರೂ ಹೀಗೆ ಎತ್ತಲ್ಲ, ಎಂದಿದ್ದ. ಅವಳ ಜೊತೆ ಆಗ ಇನ್ನಿಬ್ಬರು ಇದ್ದರು. ಅವರ ಮುಂದೆಯೇ ಅವಳು, ನಿಮಗೆ ಇಲಿ ಗೊತ್ತು ಮಾವ, ಜೀನ್ ಗೊತ್ತಿಲ್ಲ, ಅಂದಿದ್ದಳು. ಇಬ್ಬರೂ ನಕ್ಕಿದ್ದರು. ಅವನೂ ನಕ್ಕಿದ್ದ.

ಹೇಗೆ ಶುರು ಮಾಡುವುದೆಂದು ತಿಳಿಯದೆ, ಹಳೆಯ ಒಂದು ಇಲಿಯ ವಿಷಯ ಎಂದಳು. ಎಷ್ಟು ಸಾವಿರ ಇಲಿ ನೋಡಿದ್ದೇನೆ, ಯಾವುದೆಂದು ನೆನಪಿಟ್ಟುಕೊಳ್ಳಲಿ ಎಂದು ಅವನು ಬೋನಿನ ಬಾಗಿಲು ಹಾಕಿದ. ಹಾಕಿ, ಅವಳ ಕಡೆ ತಿರುಗದೆಯೇ, “ಬಲಗಿವಿ ಹರಿದಿತ್ತಲ್ಲ, ಅದಾ?” ಎಂದು ಕೇಳಿದ.

ಹೌದೆಂದಳು. ನೀವು ಹೇಳಿದ್ದೇ ಸರಿ ಇತ್ತು ಎಂದಳು. ಬೇರೆಯವರ ಮುಂದೆ ನಾನು ಹಾಗೆ ಮಾತಾಡಬಾರದಿತ್ತು ಎಂದೂ ಸೇರಿಸಿದಳು. ಈ ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಹೇಳಿದ ಮೇಲೆ ಎದೆ ಹಗುರಾಗುತ್ತದೆಂಬ ಸಣ್ಣ ಆಸೆಯೂ ಇತ್ತು. ಮಾವ ಕೈಗವಸು ಬಿಚ್ಚಿ ಡಬ್ಬಕ್ಕೆ ಹಾಕಿದ. ಸಿಟ್ಟು ಬಂದವನ ಹಾಗೆ ಕಾಣಲಿಲ್ಲ.

“ಅಯ್ಯೋ ಅದಕ್ಕೇನು ಮೇಡಂ. ಆವತ್ತಿಂದ ನಾನು ಯಾವ ಇಲಿ ಬಗ್ಗೆನೂ ಬಾಯಿ ಬಿಟ್ಟಿಲ್ಲ, ಅಷ್ಟೇ.”

ಮೆಟ್ಟಿಲು ಹತ್ತುವಾಗ ಅವಳ ಕಾಲು ನಡುವೆಯೇ ನಿಂತಿತು. ಐದು ವರ್ಷ. ಎಷ್ಟು ಬೋನು, ಎಷ್ಟು ವರದಿ. ಅವನ ಕಣ್ಣು ಏನೇನು ಕಂಡಿರಬಹುದು, ಏನೇನು ನುಂಗಿಕೊಂಡು ಹೊಟ್ಟು ಹಾಸಿರಬಹುದು. ತಾನು ಹಾಳು ಮಾಡಿದ್ದು ಒಂದು ಇಲಿಯ ಲೆಕ್ಕ ಮಾತ್ರ ಎಂದುಕೊಂಡಿದ್ದಳು.

ಲ್ಯಾಬಿನಿಂದ ಆಸ್ಪತ್ರೆಯ ಕಟ್ಟಡಕ್ಕೆ ಗಾಜಿನ ಓಣಿಯೊಂದಿದೆ. ಅದರ ಆ ತುದಿಗೆ ಅವಳು ಹೋಗಬೇಕಾದ ಕೆಲಸವಿಲ್ಲ, ಅಲ್ಲಿರುವುದು ನಿಜವಾದ ಡಾಕ್ಟರುಗಳು. ಆದರೂ ಆ ಹುಡುಗಿ ಬಂದ ದಿನ ಹೋಗುತ್ತಾಳೆ. ಶುರುವಾದದ್ದು ಒಂದು ಫೋನಿನಿಂದ. ತಾಯಿ ಯಾರ್ಯಾರಿಗೋ ಫೋನು ಮಾಡಿ, ಯಾರೂ ಸಿಗದೆ, ಕೊನೆಗೆ ಲ್ಯಾಬಿನ ನಂಬರು ಒತ್ತಿದ್ದಳು; ಎತ್ತಿದ್ದು ಇವಳು. ಮಗಳಿಗೆ ನಾಲ್ಕು ವರ್ಷ, ಇನ್ನೂ ನಡೆಯುತ್ತಾಳೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ಸಣ್ಣ ಡೋಸಿನ ಮೊದಲ ಗುಂಪಿಗೇ ಸೇರಿಸಲಾ, ಇಲ್ಲ ಮುಂದಿನ ಗುಂಪಿಗೆ ಕಾಯಲಾ? ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು, ಡಾಕ್ಟರನ್ನು ಕೇಳಿ ಎನ್ನಬೇಕು. ಮೂರನೇ ಮಗು ಸಿಗದೆ ಗುಂಪು ತುಂಬದೆ ಎಲ್ಲರೂ ಕೈ ಕಟ್ಟಿ ಕೂತಿದ್ದ ತಿಂಗಳು ಅದು. ನನ್ನ ಮಗುವಾಗಿದ್ದರೆ ಕಾಯುತ್ತಿರಲಿಲ್ಲ ಎಂದುಬಿಟ್ಟಳು. ಹೇಳುವಾಗ ದನಿಯೂ ಮೆತ್ತಗಿತ್ತು. ಆ ಮೆತ್ತಗಿನ ದನಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ತಮ್ಮ ಹುಟ್ಟುವ ಹೊತ್ತಿಗೆ ದೊಡ್ಡ ಡೋಸು ಬಂದಿತ್ತು; ಅಕ್ಕನಿಗಿದ್ದದ್ದರಿಂದ ಅವನ ಕಾಯಿಲೆ ಹುಟ್ಟಿದ ವಾರದಲ್ಲೇ ಗೊತ್ತಾಯಿತು, ನಾಲ್ಕನೇ ತಿಂಗಳಿಗೆ ಔಷಧ ಹೋಯಿತು.

ಓಣಿಯ ಬಾಗಿಲು ತಳ್ಳಿದ್ದೇ ಅವನು ಬಂದು ಅವಳ ಮೊಣಕಾಲಿಗೆ ಡಿಕ್ಕಿ ಹೊಡೆದ. ಮೂರು ವರ್ಷದ ಗುಂಡು ಗುಂಡಾದ ಹುಡುಗ, ಬಿದ್ದು, ಎದ್ದು, ಅತ್ತ ಓಡಿದ. ಅವನು ಓಡುವುದನ್ನು ನೋಡಿ ನರ್ಸುಗಳೆಲ್ಲ ನಗುತ್ತಿದ್ದರು. ಇದಕ್ಕಾಗಿ ತಾನೇ ಇಪ್ಪತ್ತೆರಡು ವರ್ಷ, ಎಂದು ಅವಳಿಗೂ ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಯಾಕೆಂದರೆ ಗೋಡೆಯ ಪಕ್ಕ ಗಾಲಿಕುರ್ಚಿಯಲ್ಲಿ ಅವನ ಅಕ್ಕ ಕೂತಿದ್ದಳು. ಒಂಬತ್ತು ವರ್ಷ. ಕುತ್ತಿಗೆ ಈ ಸಲ ಒಂದು ಕಡೆಗೆ ವಾಲಿತ್ತು. ಕಣ್ಣು ಮಾತ್ರ ಚುರುಕು.

“ಇಲಿ ಡಾಕ್ಟರಮ್ಮ, ನಿಮ್ಮ ಚಪ್ಪಲಿ ಬೇರೆ ಬೇರೆ.”

ಬೆಳಿಗ್ಗೆಯಿಂದ ಇಲ್ಲಿ ಯಾರಿಗೂ ಕಂಡಿರಲಿಲ್ಲ, ನಿನಗೆ ಹೇಗೆ ಕಾಣಿಸಿತು ಎಂದು ಕೇಳಿದಳು. ನೀವೆಲ್ಲ ಮುಖ ನೋಡ್ತೀರಿ, ನಾನು ಕೂತಿರೋ ಎತ್ತರಕ್ಕೆ ಕಾಣೋದು ಕಾಲೇ, ಎಂದಳು ಹುಡುಗಿ, ತಮ್ಮನ ಕಡೆ ಒಂದು ಕಣ್ಣಿಟ್ಟುಕೊಂಡೇ. ಏ ಗೂಳಿ, ಲೇಸು ಬಿಚ್ಚಿದೆ, ಇಲ್ಲಿ ಬಾ, ಎಂದು ಗದರಿದಳು. ಹುಡುಗ ಬಂದು ಅಕ್ಕನ ತೊಡೆಯ ಮೇಲೆ ಕಾಲಿಟ್ಟ. ಅವಳ ಬೆರಳು ಲೇಸನ್ನು ಹಿಡಿದವು, ಎಳೆಯಲಾಗಲಿಲ್ಲ. ತಾಯಿ ನೋಡಿಯೂ ನೋಡದ ಹಾಗೆ ಬಗ್ಗಿ ಗಂಟು ಹಾಕಿದಳು, ಮಗಳ ಕೈಯನ್ನು ಸರಿಸದೆ, ಅದರ ಮೇಲೆಯೇ ತನ್ನ ಕೈಯಿಟ್ಟು, ಗಂಟು ಇಬ್ಬರೂ ಹಾಕಿದ ಹಾಗೆ.

ತಾಯಿ ಬಟ್ಟೆ ಹೊಲಿಯುವವಳು. ಬೆರಳ ತುದಿಯಲ್ಲಿ ಸೂಜಿಯ ಗುರುತು, ಮಾತಿನಲ್ಲಿ ಹೆಚ್ಚುಕಡಿಮೆ ಇಲ್ಲ. ಪ್ರತಿ ಸಲ ಬಂದಾಗಲೂ ಒಂದು ಪ್ರಶ್ನೆ ಕೇಳುತ್ತಿದ್ದಳು: ಇವನಿಗೆ ಕೊಟ್ಟದ್ದನ್ನು ಇವಳಿಗೂ ಒಂದು ಸಲ ಕೊಡಲು ಬರುವುದಿಲ್ಲವಾ? ಉತ್ತರ ಅವಳಿಗೆ ಬಾಯಿಪಾಠವಿತ್ತು, ಆದರೂ ಕೇಳುತ್ತಿದ್ದಳು. ಇವತ್ತು ಕೇಳಲಿಲ್ಲ. ಪ್ರಯಾಣದ ಬಗ್ಗೆ, ಹೊಸ ಕುರ್ಚಿಯ ಗಾಲಿ ಕಿರುಗುಟ್ಟುವ ಬಗ್ಗೆ ಮಾತಾಡಿ ಸುಮ್ಮನಾದಳು. ಕೇಳಿದ್ದರೆ ಇವಳೂ ಎಂದಿನ ಉತ್ತರ ಕೊಟ್ಟು ಓಣಿ ದಾಟಿ ವಾಪಸ್ ಹೋಗುತ್ತಿದ್ದಳೇನೋ. ಕೇಳದೆ ಬಿಟ್ಟ ಆ ಜಾಗ ಇಬ್ಬರ ನಡುವೆ ಖಾಲಿ ಕುರ್ಚಿಯ ಹಾಗೆ ಉಳಿಯಿತು. ಒಂದು ಮಾತು ಹೇಳಬೇಕಿತ್ತು, ಸ್ವಲ್ಪ ಆ ಕಡೆ ಬರುತ್ತೀರಾ ಎಂದಳು. ತನ್ನ ದನಿ ಈ ಸಲ ಮೆತ್ತಗಿಲ್ಲದ್ದು ತನಗೇ ಕೇಳಿಸಿತು.

“ಇವಳ ಮುಂದೇನೇ ಹೇಳಿ,” ಎಂದಳು ತಾಯಿ. “ನಮ್ಮನೇಲಿ ಇವಳಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.”

ಹೇಳಿದಳು. ಕಿವಿಯ ತೂತು, ಬೋನು, ಏಳು ಬಿದ್ದದ್ದು, ಒಂದು ಓಡಿದ್ದು, ಬುಧವಾರ, ಶುಕ್ರವಾರ, ಫ್ರೀಜರು. ಮಾವ ಹೇಳಿದ್ದನ್ನೂ ತಾನು ಅಂದದ್ದನ್ನೂ ಹೇಳಿದಳು. ಆಗಲೇ ಗೊತ್ತಾಗಿದ್ದರೆ ಈ ಡೋಸು ಯಾರಿಗೂ ಹೋಗುತ್ತಿರಲಿಲ್ಲ, ನಿಮ್ಮ ಮಗಳು ದೊಡ್ಡ ಡೋಸಿಗೆ ಉಳಿಯುತ್ತಿದ್ದಳು ಎಂಬ ಕಡೆಯ ಮಾತನ್ನು ನುಂಗಿಬಿಡಬಹುದಿತ್ತು, ತಾಯಿ ತಾನಾಗಿ ಅಲ್ಲಿಗೆ ತಲುಪದಿರಲೂಬಹುದಿತ್ತು. ಅದನ್ನೂ ಹೇಳಿದಳು. ನಡುವೆ ಹುಡುಗ ಎರಡು ಸಲ ಓಡಿ ಬಂದು ಎರಡು ಸಲ ಓಡಿ ಹೋದ. ಬ್ಯಾಗಿನಿಂದ ಹಾಳೆ ತೆಗೆದು ಬಿಚ್ಚಿ ಹಿಡಿದಳು. ತಾಯಿ ಅದನ್ನು ತೆಗೆದುಕೊಳ್ಳಲಿಲ್ಲ. ಮಗನ ಬೂಟಿನ ಸದ್ದಿನ ಕಡೆಗೇ ಕಿವಿ ಇಟ್ಟವಳ ಹಾಗೆ ಕೂತಿದ್ದಳು.

“ಅಳತೆ ತಪ್ಪಿದ್ರೆ ನಾವು ಬಿಚ್ಚಿ ಹೊಲೀತೀವಿ,” ಎಂದಳು ಆಮೇಲೆ. “ಇದನ್ನ ಬಿಚ್ಚೋಕಾಗಲ್ಲ.”

ಆಗುವುದಿಲ್ಲ ಎಂದಳು ಇವಳು.

“ಆವತ್ತು ಫೋನಲ್ಲಿ, ನನ್ನ ಮಗುವಾಗಿದ್ರೆ ಅಂದ್ರಿ. ನಿಮಗೆ ಮಕ್ಕಳಿಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು.” ಬೈಗುಳದ ದನಿಯಲ್ಲ, ಬಟ್ಟೆಯ ಬಣ್ಣ ಹೋಗುತ್ತದೆ ಎಂದು ಹೇಳುವಾಗಿನ ದನಿ. “ಕೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ಬೇಜಾರಾಗುತ್ತೇನೋ ಅಂತ ಬಿಟ್ಟೆ.”

ತಪ್ಪಾಯಿತು ಎನ್ನುವ ಮಾತು ಇವಳ ನಾಲಗೆಯ ಮೇಲೆ ಬಂದಿತ್ತು, ಎಂಥ ಸಣ್ಣ ಮಾತು, ಬಸ್ಸಿನಲ್ಲಿ ಕಾಲು ತುಳಿದರೂ ಅದನ್ನೇ ಹೇಳುವುದು. ತಾಯಿ ತನ್ನ ಚೀಲದಿಂದ ರಟ್ಟಿನ ನೋಟುಪುಸ್ತಕ ತೆಗೆದಳು. ಒಂದು ಕಡೆಯಿಂದ ಗಿರಾಕಿಗಳ ಅಳತೆ, ಇನ್ನೊಂದು ಕಡೆಯಿಂದ ಮಗಳ ತಾರೀಖುಗಳು. ಖಾಲಿ ಪುಟ ಹುಡುಕಿ ಅವಳ ಮುಂದೆ ಇಟ್ಟಳು.

“ಈಗ ಹೇಳಿದ್ದನ್ನ ಬರೆದುಕೊಡಿ. ನಿಮ್ಮ ದೊಡ್ಡವರಿಗೂ ಇದನ್ನೇ ಕೊಡಿ. ಇನ್ನೂ ಇಬ್ಬರು ಮಕ್ಕಳಿದ್ರಲ್ಲ, ಅವರ ತಾಯಂದಿರಿಗೂ ಗೊತ್ತಾಗ್ಲಿ.”

ಬರೆದಳು. ವರದಿಯ ಭಾಷೆ ಒಂದು ಸಾಲೂ ಕೈಗೆ ಬರಲಿಲ್ಲ, ಆಡಿದ ಹಾಗೇ ಬರೆದಳು. ಪುಟ ತುಂಬಿ ಹಿಂದಕ್ಕೂ ಹೋಯಿತು. ಹುಡುಗಿ ಕತ್ತು ವಾಲಿಸಿಕೊಂಡೇ ಓದುತ್ತಿದ್ದಳು. ಆ ಇಲಿ ಈಗ ಎಲ್ಲಿದೆ ಎಂದು ಕೇಳಿದಳು. ಪ್ರಯೋಗ ಮುಗಿದ ಮೇಲೆ ಯಾವ ಇಲಿಯನ್ನೂ ಉಳಿಸುವುದಿಲ್ಲ ಎಂದಾಗ, ಏನೂ ಕಾಯಿಲೆ ಇಲ್ಲದಿದ್ದರೂನಾ ಎಂದಳು. ಹೌದು ಎಂದಳು ಇವಳು, ಸಹಿ ಹಾಕುತ್ತ. ತಾಯಿ ಸಹಿಯ ಕೆಳಗೆ ತಾರೀಖು ಹಾಕಿಸಿಕೊಂಡು ಪುಸ್ತಕ ಮುಚ್ಚಿದಳು. ಕ್ಷಮಿಸಿದೆ ಎನ್ನಲಿಲ್ಲ. ನಿಮ್ಮ ಮುಖ ತೋರಿಸಬೇಡಿ ಎಂದೂ ಅನ್ನಲಿಲ್ಲ. ಒಳಗಿನಿಂದ ವ್ಯಾಯಾಮದ ಡಾಕ್ಟರು ಕರೆದಾಗ ಕುರ್ಚಿಯ ಬ್ರೇಕು ತೆಗೆದು, ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

“ನೀವೂ ಬನ್ನಿ. ಕೂತು ನೋಡಿ.”

ಐದು ವರ್ಷದಲ್ಲಿ ಅವಳು ಆ ಕೋಣೆಯೊಳಗೆ ಹೋಗಿರಲಿಲ್ಲ. ಅಲ್ಲಿಂದ ಬರುವ ಅಂಕಿಗಳನ್ನು ನೋಡುತ್ತಿದ್ದಳು, ಅಷ್ಟೇ. ನೀಲಿ ಚಾಪೆ, ಗೋಡೆಗೊಂದು ಸಣ್ಣ ಕಪಾಟು, ಮೇಜಿನ ಮೇಲೆ ಪ್ಲಾಸ್ಟಿಕ್ ಲೋಟ. ಲೋಟವನ್ನು ಎತ್ತಿ ಭುಜದ ಎತ್ತರದ ಹಲಗೆಯ ಮೇಲೆ ಇಟ್ಟರೆ ಎರಡು ಅಂಕ, ಹಲಗೆಗೆ ಬರೀ ಮುಟ್ಟಿಸಿದರೆ ಒಂದು, ಇಲ್ಲದಿದ್ದರೆ ಸೊನ್ನೆ. ವ್ಯಾಯಾಮದ ಡಾಕ್ಟರು ತಲೆ ನರೆತ ಮೃದು ಮನುಷ್ಯ, ಈ ಹುಡುಗಿಯನ್ನು ಮೊದಲಿಂದ ಬಲ್ಲವನು. ಶುರು ಮಾಡು ಮಗಳೇ ಎಂದ. ಬಲಗೈ ಲೋಟ ಹಿಡಿಯಿತು. ಮೇಜಿನಿಂದ ಮೇಲೆ ಬಂತು. ಎದೆಯ ಹತ್ತಿರ ನಡುಗಿತು, ನಿಂತಿತು, ಮತ್ತೆ ಮೇಲೆ ಹೋಯಿತು. ಹುಡುಗಿಯ ಮೇಲ್ತುಟಿಯಲ್ಲಿ ಬೆವರು ಹುಟ್ಟಿತು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅವಳ ಬಲಗೈಯೂ ತೊಡೆಯ ಮೇಲೆ ತಾನಾಗಿ ಮೇಲೇಳುತ್ತಿತ್ತು. ಹಲಗೆಗೆ ಇನ್ನು ಒಂದು ಬೆರಳಿನಷ್ಟು ಜಾಗ. ತಮ್ಮ ಕೂಡ ಓಡುವುದು ಬಿಟ್ಟು ಬಾಯಿ ತೆರೆದು ನಿಂತಿದ್ದ. ಒಂದು ಬೆರಳಿಗೂ ಕಡಿಮೆ. ಕೈ ಕುಸಿದು ತೊಡೆಯ ಮೇಲೆ ಬಿತ್ತು, ಲೋಟ ಉರುಳಿಕೊಂಡು ಚಾಪೆಯ ಅಂಚಿಗೆ ಹೋಯಿತು.

ವ್ಯಾಯಾಮದ ಡಾಕ್ಟರು ಹಾಳೆಯ ಮೇಲೆ ಪೆನ್ನಿಟ್ಟು ಒಮ್ಮೆ ತಾಯಿಯ ಮುಖ ನೋಡಿದ. ಪೆನ್ನು ‘ಒಂದು’ ಎಂಬ ಚೌಕದ ಮೇಲಿತ್ತು. ಮೂಲೆಯಲ್ಲಿದ್ದ ಅವಳಿಗೆ ಅದು ಕಂಡಿತು. ಬುಧವಾರದ ತನ್ನ ಕೈ ಕಂಡ ಹಾಗೆ ಕಂಡಿತು. ಬಾಯಿ ತೆರೆದಳು.

“ಮುಟ್ಟಿಲ್ಲ,” ಎಂದಳು ಹುಡುಗಿ, ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. “ಸೊನ್ನೆ ಬರೀರಿ.”

ಅವನು ಬರೆದ. ತಮ್ಮ ಹೋಗಿ ಲೋಟ ಎತ್ತಿಕೊಂಡು ಬಂದು ಅಕ್ಕನ ಮುಂದೆ ಇಟ್ಟ.

“ಈಗ ಎಡಗೈ,” ಎಂದಳು ಹುಡುಗಿ.